ಆಯುಷ್ಯವನ್ನು ಕೊಟ್ಟವರು

ರಾಯಚೂರು ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಜಗನ್ನಾಥದಾಸರ ಕಥೆಯನ್ನು ಹೊಸದಾಗಿ ಹೇಳಬೇಕಾಗಿಲ್ಲ. ಬ್ಯಾಗವಾಟದ ಶ್ರೀನಿವಾಸಾಚಾರ್ಯರು ಮಹಾಪಂಡಿತರು. ಕನ್ನಡದಲ್ಲಿ ಹಾಡಿಕೊಂಡು ತಿರುಗುವ ದಾಸರ ವಿಷಯದಲ್ಲಿ ಅವರಿಗೆ ಅಷ್ಟು ಆದರವಿರಲಿಲ್ಲ. ವಿಜಯದಾಸರು ಊಟಕ್ಕೆ ಕರೆದಾಗ ಹೊಟ್ಟೆನೋವಿನ ನೆಪ ಹೇಳಿ ತಪ್ಪಿಸಿಕೊಂಡರಂತೆ. ನೆಪವಾಗಿದ್ದ ನೋವು ನಿಜದ ವ್ಯಾಧಿಯಾಗಿ ಅವರನ್ನು ಹಾಸಿಗೆಗೆ ಹಾಕಿತು. ಕಡೆಗೆ ವಿಜಯದಾಸರ ಶಿಷ್ಯರಾದ ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷಗಳನ್ನು ತೆಗೆದು ಅವರಿಗೆ ಧಾರೆ ಎರೆದರೆಂದು ಪರಂಪರೆ ಹೇಳುತ್ತದೆ. ಗೋಪಾಲದಾಸರು 1762ರಲ್ಲಿ ತೀರಿಕೊಂಡರು. ಮಾನವಿಯಲ್ಲಿ ನೆಲೆನಿಂತ ಜಗನ್ನಾಥದಾಸರು 1809ರವರೆಗೆ ಬಾಳಿ ಹರಿಕಥಾಮೃತಸಾರವನ್ನು ಕನ್ನಡಕ್ಕೆ ಕೊಟ್ಟರು.

ಒಬ್ಬನ ಆಯುಷ್ಯವನ್ನು ಇನ್ನೊಬ್ಬನಿಗೆ ಕೊಡಲು ಬರುತ್ತದೆಯೆ ಎಂದು ಇತಿಹಾಸದ ವಿದ್ಯಾರ್ಥಿಯಾದ ನನ್ನನ್ನು ಯಾರಾದರೂ ಕೇಳಿದರೆ, ದಾಖಲೆಯಿಲ್ಲ ಎಂದು ಹೇಳಬೇಕಾದೀತು. ಆದರೆ ಸ್ವಲ್ಪ ಬೇರೆ ಅರ್ಥದಲ್ಲಿ ಕೇಳಿದರೆ ದಾಖಲೆಗಳಿವೆ. ತಮ್ಮ ಬಾಳಿನ ಇಪ್ಪತ್ತೈದು, ಮೂವತ್ತು ವರ್ಷಗಳನ್ನು ಪರಿಚಯವಿಲ್ಲದ ರೋಗಿಗಳಿಗಾಗಿ ಎಣಿಸಿ ಕೊಟ್ಟವರು ನಮ್ಮ ಸುತ್ತಮುತ್ತಲೇ ಆಗಿಹೋಗಿದ್ದಾರೆ. ಅವರಲ್ಲಿ ಕ್ರೈಸ್ತಶ್ರದ್ಧೆಯಿಂದ ಪ್ರೇರಿತರಾಗಿ ಬಂದ ಕೆಲವರನ್ನು ಕುರಿತು ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಇದನ್ನು ಹೇಳಲು ನನಗೊಂದು ಸ್ವಂತದ ಕಾರಣವೂ ಉಂಟು. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ನನ್ನ ಊರು ದೇವದುರ್ಗದ ಕಡೆಯ ಅರಕೇರಾ. ಕೃಷ್ಣೆಗೂ ತುಂಗಭದ್ರೆಗೂ ನಡುವೆ ಹರಡಿರುವ, ಹಳೆಯ ಶಾಸನಗಳು ಎಡೆದೊರೆ ಎಂದು ಕರೆದ ನಾಡಿನ ಒಂದು ಊರು. 1958ರಲ್ಲಿ, ನನಗೆ ಒಂಬತ್ತು ವರ್ಷವಾಗಿದ್ದಾಗ, ನನ್ನ ಸೋದರಮಾವನ ಕಾಲಿನ ಮೇಲೆ ಒಂದು ಕೆಂಡ ಬಿತ್ತು. ಚಳಿಗಾಲದ ರಾತ್ರಿ, ಎಲ್ಲರೂ ಬೆಂಕಿಯ ಸುತ್ತ ಕುಳಿತಿದ್ದೆವು. ಮಾವ ಮಾತು ಮುಂದುವರಿಸಿಯೇ ಇದ್ದರು. ಚರ್ಮ ಸುಟ್ಟ ವಾಸನೆ ಮೊದಲು ತಿಳಿದದ್ದು ನನ್ನ ಅಜ್ಜಿಗೆ. ಆಕೆ ಮಗನ ಕಾಲನ್ನು ನೋಡಿದಳು, ಮುಖವನ್ನು ನೋಡಿದಳು, ಏನೂ ಆಡದೆ ಎದ್ದು ಒಳಗೆ ಹೋದಳು. ಆ ಮೌನದ ಅರ್ಥ ನನಗೆ ತಿಳಿದದ್ದು ಹದಿನೈದು ದಿನಗಳ ಮೇಲೆ, ಮಾವನಿಗಾಗಿ ಹೊಲದಲ್ಲಿ ಒಂದು ಗುಡಿಸಲು ಎದ್ದಾಗ.

ದೊಡ್ಡರೋಗ ಎಂಬ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ರೊಟ್ಟಿಯ ಬುತ್ತಿಯನ್ನು ಗುಡಿಸಲಿನಿಂದ ಇಪ್ಪತ್ತು ಹೆಜ್ಜೆ ದೂರದ ಕಲ್ಲಿನ ಮೇಲಿಟ್ಟು ಬರುವುದು ನನ್ನ ಪಾಲಿನ ಕೆಲಸವಾಯಿತು. ನಾನು ಇಟ್ಟು ಓಡಿಬರುತ್ತಿದ್ದೆ. ಮಾವ ಅಲ್ಲಿಂದಲೇ ಕೂಗುತ್ತಿದ್ದರು: ‘ನಿಧಾನಕ ಹೋಗಪಾ ತಮ್ಮಾ, ಮುಗ್ಗರಿಸೀ.’

ಈ ರೋಗವನ್ನು ಕುರಿತ ಭಯ ನಮ್ಮ ಊರಿನದಷ್ಟೇ ಅಲ್ಲ, ನಮ್ಮ ಕಾಲದ್ದಷ್ಟೇ ಅಲ್ಲ. ಜನ್ನನ ಯಶೋಧರಚರಿತೆಯನ್ನು ಓದಿದವರಿಗೆ ಅಮೃತಮತಿ ಗೊತ್ತು, ಅಷ್ಟಾವಂಕ ಗೊತ್ತು. ಜೈನ ಸಾಹಿತ್ಯದಲ್ಲಿ ಹಲವು ಭಾಷೆಗಳಲ್ಲಿ ಹರಿದುಬಂದ ಆ ಯಶೋಧರನ ಕಥೆಯಲ್ಲಿ ಪಾಪದ ಫಲವಾಗಿ ರಾಣಿಗೆ ಕುಷ್ಠ ತಗಲುತ್ತದೆ. ರೋಗವೆಂದರೆ ತೀರ್ಪು, ರೋಗಿಯೆಂದರೆ ಅಪರಾಧಿ. ಯೆಹೂದ್ಯರ ಹಳೆಯ ಧರ್ಮಶಾಸ್ತ್ರವೂ ಇಂಥವರನ್ನು ಪಾಳೆಯದ ಹೊರಗೆ ಇರಿಸಿತ್ತು. ಬ್ರಿಟಿಷ್ ಭಾರತದ ಸರಕಾರ 1898ರಲ್ಲಿ ಒಂದು ಕಾಯಿದೆಯನ್ನೇ ಮಾಡಿ, ಬಡ ಕುಷ್ಠರೋಗಿಗಳನ್ನು ಹಿಡಿದು ಆಶ್ರಮಗಳಲ್ಲಿ ಕೂಡಿಹಾಕಲು ಅಧಿಕಾರ ಕೊಟ್ಟಿತು. ನಾರ್ವೆಯ ಹ್ಯಾನ್ಸೆನ್ ಎಂಬ ವೈದ್ಯ ಈ ರೋಗಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನು 1873ರಲ್ಲಿಯೇ ಕಂಡುಹಿಡಿದಿದ್ದನು. ಇದು ಕರ್ಮದ ಫಲವಲ್ಲ, ವಂಶದ ಶಾಪವಲ್ಲ, ಒಂದು ಜೀವಾಣುವಿನ ಕೆಲಸ ಎಂದು ಅಂದೇ ಗೊತ್ತಾಗಿತ್ತು. ಆದರೆ ಗೊತ್ತಾಗುವುದು ಬೇರೆ, ಮನಸ್ಸಿಗೆ ಇಳಿಯುವುದು ಬೇರೆ.

ಇನ್ನೊಂದು ಕಥೆಯೂ ಅದೇ ಯೆಹೂದ್ಯರ ನಾಡಿನಿಂದ ಬಂತು. ಹತ್ತಿರ ಬಂದು ಮೊಣಕಾಲೂರಿದ ಕುಷ್ಠರೋಗಿಯನ್ನು ಯೇಸು ಕೈ ಚಾಚಿ ಮುಟ್ಟಿದನೆಂದು ಸುವಾರ್ತೆಗಳು ಹೇಳುತ್ತವೆ. ಗುಣಪಡಿಸುವ ಶಕ್ತಿಯುಳ್ಳವನಿಗೆ ಮಾತೊಂದೇ ಸಾಕಾಗಿತ್ತು, ಮುಟ್ಟುವ ಅಗತ್ಯವಿರಲಿಲ್ಲ. ಆದರೂ ಮುಟ್ಟಿದನು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಭಾರತಕ್ಕೆ ಬಂದ ಹಲವರ ನಡೆಗೆ ಈ ಮುಟ್ಟುವಿಕೆಯೇ ಮೂಲವೆಂದು ನನಗೆ ತೋರುತ್ತದೆ. ವೆಲ್ಲೆಸ್ಲಿ ಬೈಲಿ ಎಂಬ ಐರಿಷ್ ತರುಣ 1869ರಲ್ಲಿ ಅಂಬಾಲೆಯಲ್ಲಿ ಕುಷ್ಠರೋಗಿಗಳ ಸಾಲು ಗುಡಿಸಲುಗಳನ್ನು ನೋಡಿದನು. 1874ರಲ್ಲಿ ಅವನು ಕಟ್ಟಿದ ಸಂಸ್ಥೆಯೇ ಮುಂದೆ ಲೆಪ್ರಸಿ ಮಿಷನ್ ಎಂದು ಪ್ರಸಿದ್ಧವಾಯಿತು.

ಕನ್ನಡನಾಡಿನಲ್ಲಿ ಈ ಮಾತು ಎತ್ತಿದಾಗ ಮೊದಲು ನೆನಪಾಗಬೇಕಾದ ಹೆಸರು ಮಂಗಳೂರಿನ ಫಾದರ್ ಅಗಸ್ಟಸ್ ಮುಲ್ಲರ್ ಅವರದು. ಅವರು ಜರ್ಮನಿಯವರು, ಯೇಸುಸಭೆಯ ಪಾದ್ರಿಗಳು. 1878ರ ಡಿಸೆಂಬರ್ 31ರಂದು ಮಂಗಳೂರಿಗೆ ಬಂದಿಳಿದವರ ಗುಂಪಿನಲ್ಲಿ ಅವರಿದ್ದರು. ಬಂದದ್ದು ಪಾಠ ಹೇಳಲು. ಆದರೆ ದುರ್ಬಲ ಶರೀರದ ಆ ಮನುಷ್ಯನಿಗೆ ಹೋಮಿಯೋಪಥಿ ಔಷಧದಿಂದ ಹಿಂದೊಮ್ಮೆ ಗುಣವಾಗಿತ್ತು. ಔಷಧದ ಪೆಟ್ಟಿಗೆಯೊಂದು ಜೊತೆಗಿತ್ತು. 1880ರಲ್ಲಿ ಕಂಕನಾಡಿಯ ಗುಡ್ಡದ ಮೇಲೆ ಬಡವರಿಗಾಗಿ ಔಷಧಾಲಯ ತೆರೆದರು. ಆಲದ ಮರದ ನೆರಳಿನಲ್ಲಿ ಔಷಧ ಹಂಚುತ್ತಿದ್ದರೆಂದು ಮಂಗಳೂರಿನವರು ಇಂದಿಗೂ ಹೇಳುತ್ತಾರೆ. ಆಮೇಲೆ ಅವರ ಔಷಧಗಳು ಅಂಚೆಯ ಮೂಲಕ ದೇಶದ ಮೂಲೆಮೂಲೆಗೆ ಹೋಗತೊಡಗಿದವು. ಆ ಮಾರಾಟದಿಂದ ಬಂದ ಹಣ ರೋಗಿಗಳಿಗೇ ಹೋಯಿತು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯಧಾಮ ಎದ್ದಿತು. 1902ರಲ್ಲಿ ಮಂಗಳೂರಿಗೆ ಪ್ಲೇಗು ಬಂದಾಗ ಪ್ಲೇಗಿನ ಆಸ್ಪತ್ರೆಯೂ ಎದ್ದಿತು. 1910ರ ನವೆಂಬರ್ 1ರಂದು ಅವರು ತೀರಿಕೊಂಡಾಗ ಮಂಗಳೂರಿಗೆ ಬಂದು ಮೂವತ್ತೆರಡನೆಯ ವರ್ಷ ನಡೆಯುತ್ತಿತ್ತು.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಆ ದಿನಗಳಲ್ಲಿ ಕಂಕನಾಡಿಯಲ್ಲಿ ಕೊಟ್ಟ ಔಷಧದಿಂದ ಕುಷ್ಠ ವಾಸಿಯಾಗುತ್ತಿತ್ತೆಂದು ಇಂದಿನ ವೈದ್ಯಶಾಸ್ತ್ರ ಒಪ್ಪುವುದಿಲ್ಲ. ಹಾಗಾದರೆ ಅಲ್ಲಿ ನಡೆದದ್ದೇನು? ಹುಣ್ಣು ತೊಳೆದರು, ಬಟ್ಟೆ ಕಟ್ಟಿದರು, ಹೊತ್ತಿಗೆ ಗಂಜಿ ಕೊಟ್ಟರು, ಸತ್ತಾಗ ಗೌರವದಿಂದ ಮಣ್ಣು ಮಾಡಿದರು. ಊರು ಹೊರಗೆ ಹಾಕಿದವನಿಗೆ ಒಂದು ಮನೆಯಾಯಿತು. ಔಷಧವಿಲ್ಲದ ಕಾಲದಲ್ಲಿ ಇದೇ ಔಷಧ. ಶ್ರದ್ಧೆಯಿಂದ ಮಾತ್ರ ರೋಗ ವಾಸಿಯಾಯಿತೆಂದು ಹೇಳುವವನು ಇತಿಹಾಸಕ್ಕೆ ಅಪಚಾರ ಮಾಡುತ್ತಾನೆ. ಶ್ರದ್ಧೆಯಿಂದ ಏನೂ ಆಗಲಿಲ್ಲವೆಂದು ಹೇಳುವವನೂ ಅಷ್ಟೇ ಅಪಚಾರ ಮಾಡುತ್ತಾನೆ.

ನಮ್ಮ ರಾಯಚೂರಿನ ದೃಷ್ಟಿಯಿಂದ ನೋಡಿದರೆ ಮಂಗಳೂರು ಬಹು ದೂರ. ಆಗ ನಾವು ನಿಜಾಮರ ಪ್ರಜೆಗಳು. ನಮ್ಮ ಮುಖವೆಲ್ಲ ಹೈದರಾಬಾದಿನ ಕಡೆಗೆ. 1956ರ ನವೆಂಬರ್ 1ರಂದು ರಾಯಚೂರು ಕನ್ನಡನಾಡಿನೊಂದಿಗೆ ಸೇರುವವರೆಗೂ ಹೀಗೆಯೇ ಇತ್ತು. ಆ ಸಂಸ್ಥಾನದ ಇನ್ನೊಂದು ತುದಿಯಲ್ಲಿ, ತೆಲುಗುನಾಡಿನ ನಿಜಾಮಾಬಾದಿನ ಬಳಿ, ಡಿಚ್‌ಪಲ್ಲಿ ಎಂಬ ಊರಿದೆ. ನನ್ನ ಮಾವನ ಬಾಳಿನ ತಿರುವು ಇರುವುದು ಅಲ್ಲಿ.

ಇಸಬೆಲ್ ಕೆರ್ ಎಂಬ ಸ್ಕಾಟ್ಲೆಂಡಿನ ವೈದ್ಯೆ ತಮ್ಮ ಪತಿ, ಪಾದ್ರಿ ಜಾರ್ಜ್ ಕೆರ್ ಅವರೊಂದಿಗೆ 1907ರಲ್ಲಿ ಹೈದರಾಬಾದು ಸಂಸ್ಥಾನಕ್ಕೆ ಬಂದರು. ವೆಸ್ಲಿಯನ್ ಮಿಷನ್ನಿನ ಸೇವೆ. ನಿಜಾಮಾಬಾದಿನಲ್ಲಿ ಆಕೆಯ ಬಳಿಗೆ ಬಂದ ರೋಗಿಗಳಲ್ಲಿ ಕುಷ್ಠದವರೂ ಇದ್ದರು. ಒಬ್ಬರಿಗೆ ಇಂಬು ಕೊಟ್ಟರೆ ಹತ್ತು ಮಂದಿ ಬಂದರು. ಇರುವ ಜಾಗ ಸಾಲದಾಯಿತು. ಆಗ ನೆರವಿಗೆ ಬಂದವರು ರಾಜಾ ನರ್ಸಾಗೌಡ ಎಂಬ ಹಿಂದೂ ಶ್ರೀಮಂತರು. ಅವರ ಉದಾರವಾದ ಕೊಡುಗೆಯಿಂದ 1915ರಲ್ಲಿ ಡಿಚ್‌ಪಲ್ಲಿಯಲ್ಲಿ ಕುಷ್ಠರೋಗಿಗಳ ಆಸ್ಪತ್ರೆ ತೆರೆಯಿತು. ವಿಕ್ಟೋರಿಯಾ ರಾಣಿಯ ಹೆಸರನ್ನು ಅದಕ್ಕೆ ಇಟ್ಟರು. ಮುಸಲ್ಮಾನ ದೊರೆಯ ರಾಜ್ಯದಲ್ಲಿ ಹಿಂದೂ ಒಬ್ಬರ ದಾನದಿಂದ ಕ್ರೈಸ್ತ ದಂಪತಿಗಳು ನಡೆಸಿದ ಆಸ್ಪತ್ರೆ ಅದು. ಔದಾರ್ಯಕ್ಕೆ ಒಂದೇ ಮತದ ಮುದ್ರೆ ಹಾಕುವವರು ಡಿಚ್‌ಪಲ್ಲಿಯ ಚರಿತ್ರೆಯನ್ನು ಒಮ್ಮೆ ಓದಬೇಕು.

ಇಸಬೆಲ್ ಕೆರ್ ಅವರ ವಿಶೇಷವೆಂದರೆ ಆಶ್ರಯ ಕೊಟ್ಟರೆ ಸಾಕೆಂದು ಅವರು ತೃಪ್ತರಾಗಲಿಲ್ಲ. ಅದುವರೆಗೆ ಕುಷ್ಠಾಶ್ರಮವೆಂದರೆ ಸಾಯುವವರೆಗೆ ಇರುವ ಜಾಗ. ಅದನ್ನು ಅವರು ಗುಣವಾಗಿ ಹೊರಟುಹೋಗುವ ಜಾಗವನ್ನಾಗಿ ಮಾಡಲು ಹೊರಟರು. ಸುಶ್ರುತಸಂಹಿತೆಯಲ್ಲಿ ತುವರಕವೆಂಬ ಮರದ ಬೀಜದ ಎಣ್ಣೆಯನ್ನು ಕುಷ್ಠಕ್ಕೆ ಹೇಳಿದೆ. ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲಿ ಬೆಳೆಯುವ ಗರುಡಫಲವೆಂಬುದೂ ಇದೇ ಬಳಗದ್ದು. ಕುಡಿದರೆ ವಾಂತಿ ಬರಿಸುವ ಈ ಎಣ್ಣೆಯನ್ನು ಸೂಜಿಯ ಮೂಲಕ ಕೊಡುವ ಕ್ರಮವನ್ನು ಕಲ್ಕತ್ತೆಯಲ್ಲಿ ರೋಜರ್ಸ್, ಮ್ಯೂರ್ ಮೊದಲಾದ ವೈದ್ಯರು ತಿದ್ದಿ ರೂಢಿಗೆ ತಂದಿದ್ದರು. ಇಸಬೆಲ್ ಕೆರ್ ಅದನ್ನು ಡಿಚ್‌ಪಲ್ಲಿಯಲ್ಲಿ ಶ್ರದ್ಧೆಯಿಂದ ನಡೆಸಿದರು. ಬಹಳ ನೋವಿನ ಚಿಕಿತ್ಸೆ, ತಿಂಗಳುಗಟ್ಟಲೆ ಸೂಜಿ. ಆರಂಭದ ಹಂತದ ರೋಗಿಗಳಿಗೆ ಪ್ರಯೋಜನ ಕಂಡಿತು, ಎಲ್ಲರಿಗೂ ಅಲ್ಲ. ಆದರೆ ‘ಇದಕ್ಕೆ ಚಿಕಿತ್ಸೆ ಉಂಟು’ ಎಂಬ ಸುದ್ದಿಯೇ ಅಡಗಿ ಕುಳಿತವರನ್ನು ಹೊರಗೆ ಕರೆತಂದಿತು. 1923ರಲ್ಲಿ ಸರಕಾರ ಆಕೆಗೆ ಕೈಸರ್-ಇ-ಹಿಂದ್ ಪದಕ ಕೊಟ್ಟಿತು. 1932ರಲ್ಲಿ ಆಕೆ ತೀರಿಕೊಂಡರು. ಬಂದು ಇಪ್ಪತ್ತೈದು ವರ್ಷ.

ಡಿಚ್‌ಪಲ್ಲಿಯಲ್ಲಿ ದುಡಿದು ಅನುಭವ ಪಡೆದ ಇನ್ನೊಬ್ಬ ವೈದ್ಯ ಜಾನ್ ಲೋ. ಅವರು ಮುಂದೆ ಆಫ್ರಿಕದ ನೈಜೀರಿಯಕ್ಕೆ ಹೋಗಿ, 1940ರ ದಶಕದ ಕೊನೆಯಲ್ಲಿ, ಡ್ಯಾಪ್ಸೋನ್ ಎಂಬ ಔಷಧವನ್ನು ಬಾಯಿಯ ಮೂಲಕ ಸಣ್ಣ ಪ್ರಮಾಣದಲ್ಲಿ ಕೊಟ್ಟು ಗುಣ ಕಂಡವರಲ್ಲಿ ಪ್ರಮುಖರು. ಎಣ್ಣೆಯ ಸೂಜಿಯ ಕಾಲ ಮುಗಿಯಿತು. ಅಗ್ಗದ ಬಿಳಿಯ ಮಾತ್ರೆಯ ಕಾಲ ಬಂತು. ನನ್ನ ಮಾವ ನುಂಗಿದ್ದು ಆ ಮಾತ್ರೆಯನ್ನೇ.

ಅವರು ಅಲ್ಲಿಗೆ ತಲುಪಿದ ಬಗೆಯನ್ನು ಹೇಳುತ್ತೇನೆ. ನಮ್ಮ ಕಡೆಯ ಸಂತೆಗಳಲ್ಲಿ ಚಿಕ್ಕ ಚಿಕ್ಕ ಪುಸ್ತಕ ಮಾರುತ್ತ ತಿರುಗುತ್ತಿದ್ದ ಸುವಾರ್ತಿಕರೊಬ್ಬರಿದ್ದರು. ಬಡವರು, ಅವರ ಛತ್ರಿಗೆ ಮೂರು ತೇಪೆಗಳಿದ್ದುದು ನೆನಪಿದೆ. ಯಾರಿಂದಲೋ ಸುದ್ದಿ ತಿಳಿದು ಅವರು ಹೊಲಕ್ಕೆ ಹೋದರು. ನಾನಿಟ್ಟ ಬುತ್ತಿಯನ್ನು ಕಲ್ಲಿನ ಮೇಲಿಂದ ಎತ್ತಿಕೊಂಡು, ಆ ಇಪ್ಪತ್ತು ಹೆಜ್ಜೆಯನ್ನು ದಾಟಿ, ಗುಡಿಸಲಿನೊಳಗೆ ಕುಳಿತರು. ನಾನು ಗಿಡದ ಮರೆಯಿಂದ ನೋಡುತ್ತಿದ್ದೆ. ಅವರು ಮಾವನ ಕಾಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಸುಟ್ಟ ಗಾಯವನ್ನು ಪರೀಕ್ಷಿಸಿದರು. ಒಂದು ತಿಂಗಳ ಮೇಲೆ ಪತ್ರವ್ಯವಹಾರ ಮುಗಿದು, ರಾಯಚೂರಿನಿಂದ ಸಿಕಂದರಾಬಾದಿಗೆ, ಅಲ್ಲಿಂದ ಡಿಚ್‌ಪಲ್ಲಿಗೆ ಮಾವನನ್ನು ಕರೆದೊಯ್ದರು. ರೈಲಿನ ಖರ್ಚು ಅವರದೇ. ಮಾವನ ಜಾತಿ ಕೆಡಿಸಲು ಒಯ್ದರೆಂದು ಊರಿನಲ್ಲಿ ಮಾತಾಯಿತು. ಹೊಲದಲ್ಲಿ ಒಬ್ಬನೇ ಕೊಳೆಯುತ್ತಿದ್ದಾಗ ಆ ಜಾತಿ ಏನು ಮಾಡುತ್ತಿತ್ತೆಂದು ಯಾರೂ ಕೇಳಲಿಲ್ಲ, ನಾವೂ ಕೇಳಲಿಲ್ಲ.

ನಾಲ್ಕು ವರ್ಷಗಳ ಮೇಲೆ, 1962ರಲ್ಲಿ, ಮಾವ ಮರಳಿ ಬಂದರು. ಹಣೆಯ ಮೇಲೆ ವಿಭೂತಿ ಹೋಗುವಾಗ ಇದ್ದಂತೆಯೇ ಇತ್ತು, ಸಾಯುವವರೆಗೂ ಇತ್ತು. ಬಲಗೈಯ ಎರಡು ಬೆರಳು ಮಡಿಸಿಕೊಂಡಿದ್ದವು. ರೋಗ ಹರಡುವ ಭಯವಿಲ್ಲವೆಂದು ಬರೆದ ಕಾಗದ ಕಿಸೆಯಲ್ಲಿತ್ತು. ಆ ಕಾಗದವನ್ನು ನಮ್ಮ ಮನೆಯಲ್ಲಿ ಓದಬಲ್ಲವನು ನಾನೊಬ್ಬನೇ. ಓದಿ ಹೇಳಿದೆ. ಎಲ್ಲರೂ ಕೇಳಿದರು. ಊಟಕ್ಕೆ ಅವರಿಗೆ ಬೇರೆಯ ತಾಟನ್ನು ಇಟ್ಟರು.

ಮಡಿಸಿದ ಬೆರಳುಗಳ ವಿಷಯ ಹೇಳಿದೆನಲ್ಲ, ಅಲ್ಲಿಗೆ ಅಂಗವಿಕಲತೆಯ ಪ್ರಶ್ನೆ ಬಂತು. ಕುಷ್ಠದಲ್ಲಿ ಮಾಂಸವೇ ಕೊಳೆತು ಬೆರಳು ಉದುರುತ್ತದೆಂದು ವೈದ್ಯರೂ ಬಹುಕಾಲ ನಂಬಿದ್ದರು. ಆ ನಂಬಿಕೆಯನ್ನು ಅಲುಗಾಡಿಸಿದವರು ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನ ಪಾಲ್ ಬ್ರ್ಯಾಂಡ್. ಮಿಷನರಿ ದಂಪತಿಗಳ ಮಗನಾಗಿ ತಮಿಳುನಾಡಿನ ಕೊಲ್ಲಿಮಲೆಯಲ್ಲಿ 1914ರಲ್ಲಿ ಹುಟ್ಟಿದವರು. 1946ರಲ್ಲಿ ಶಸ್ತ್ರವೈದ್ಯರಾಗಿ ವೆಲ್ಲೂರಿಗೆ ಬಂದರು. ನೋವು ತಿಳಿಯದ ಕೈ ಬಿಸಿ ಪಾತ್ರೆಯನ್ನು ಹಿಡಿಯುತ್ತದೆ, ತುಕ್ಕು ಹಿಡಿದ ಕೀಲಿಯನ್ನು ಗಾಯವಾಗುವಷ್ಟು ತಿರುವುತ್ತದೆ; ರಾತ್ರಿ ಇಲಿ ಕಚ್ಚಿದರೂ ಎಚ್ಚರವಾಗುವುದಿಲ್ಲ. ಬೆರಳನ್ನು ತಿನ್ನುವುದು ರೋಗವಲ್ಲ, ನೋವಿಲ್ಲದಿರುವಿಕೆ ಎಂದು ಅವರು ತೋರಿಸಿದರು. ನೋವು ದೇವರ ಕೊಡುಗೆ ಎಂಬುದು ಅವರ ಬಾಳಿನ ಸಿದ್ಧಾಂತವಾಯಿತು. ಚೆನ್ನಾಗಿರುವ ಸ್ನಾಯುವಿನ ರಜ್ಜುವನ್ನು ಬೇರೆಡೆಗೆ ಜೋಡಿಸಿ, ಮಡಿಸಿಹೋದ ಬೆರಳನ್ನು ತೆರೆಸುವ ಶಸ್ತ್ರಚಿಕಿತ್ಸೆಯನ್ನು ಅವರು ಬೆಳೆಸಿದರು. ಮುಚ್ಚಿದ ಮುಷ್ಟಿ ಭಿಕ್ಷಾಪಾತ್ರೆಯನ್ನು ಮಾತ್ರ ತೂಗಿಸಬಲ್ಲದು. ತೆರೆದ ಕೈ ಕುಡುಗೋಲು ಹಿಡಿಯುತ್ತದೆ.

ಅವರ ಶಿಷ್ಯೆ ಮೇರಿ ವರ್ಗೀಸ್. ಕೇರಳದ ಹೆಣ್ಣುಮಗಳು, ವೆಲ್ಲೂರಿನಲ್ಲಿ ಓದಿ ವೈದ್ಯೆಯಾದರು. 1954ರ ಜನವರಿಯಲ್ಲಿ ವಾಹನ ಅಪಘಾತವಾಗಿ ಸೊಂಟದ ಕೆಳಗಿನ ಶರೀರ ಸ್ವಾಧೀನ ತಪ್ಪಿತು. ಆಗಿನ್ನೂ ಮೂವತ್ತು ತುಂಬಿರಲಿಲ್ಲ. ನಿಲ್ಲಲಾರದವಳು ಶಸ್ತ್ರಚಿಕಿತ್ಸೆ ಮಾಡುವುದೆಂತು? ಕೈಯ ಶಸ್ತ್ರಚಿಕಿತ್ಸೆಯನ್ನು ಕುಳಿತೇ ಮಾಡಬಹುದೆಂದು ಬ್ರ್ಯಾಂಡ್ ತೋರಿಸಿಕೊಟ್ಟರು. ಗಾಲಿಕುರ್ಚಿಯಲ್ಲಿ ಕುಳಿತು ಆಕೆ ಕುಷ್ಠರೋಗಿಗಳ ಕೈಗಳನ್ನು ತೆರೆದರು. ತಮ್ಮ ಕಾಲಿನ ಸಂವೇದನೆಯನ್ನು ಕಳೆದುಕೊಂಡವರು, ಕೈಯ ಸಂವೇದನೆಯನ್ನು ಕಳೆದುಕೊಂಡವರಿಗೆ ದುಡಿಮೆಯನ್ನು ಮರಳಿಸಿದರು. ಆಮೇಲೆ ನ್ಯೂಯಾರ್ಕಿನಲ್ಲಿ ತರಬೇತು ಪಡೆದು ಬಂದು, ವೆಲ್ಲೂರಿನಲ್ಲಿ ಅಂಗವಿಕಲರ ಪುನಶ್ಚೇತನಕ್ಕಾಗಿಯೇ ಒಂದು ವಿಭಾಗವನ್ನು ಕಟ್ಟಿದರು. 1966ರಲ್ಲಿ ಅದಕ್ಕೊಂದು ಸಂಸ್ಥೆಯೇ ಆಯಿತು. 1972ರಲ್ಲಿ ಪದ್ಮಶ್ರೀ ಬಂತು. 1986ರಲ್ಲಿ ಕಾಲವಾದರು. ಗಾಲಿಕುರ್ಚಿಯಲ್ಲಿ ಮೂವತ್ತೆರಡು ವರ್ಷ. ಕಂಕನಾಡಿಯ ಮುಲ್ಲರ್ ಕೊಟ್ಟಷ್ಟೇ.

ವ್ಯಸನದ ವಿಷಯಕ್ಕೂ ಬರಬೇಕು, ಏಕೆಂದರೆ ನಮ್ಮ ಜಿಲ್ಲೆಯ ಮನೆಗಳನ್ನು ಮುರಿದದ್ದರಲ್ಲಿ ಅದರ ಪಾಲು ಕುಷ್ಠಕ್ಕಿಂತ ದೊಡ್ಡದು. ನಿಜಾಮರ ಬೊಕ್ಕಸಕ್ಕೆ ಅಬಕಾರಿ ಒಂದು ಮುಖ್ಯ ಆದಾಯವಾಗಿತ್ತು. ಸೇಂದಿಯ ಅಂಗಡಿ ಶಾಲೆಗಿಂತ ಮೊದಲು ಬಂದ ಹಳ್ಳಿಗಳು ಎಷ್ಟೋ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ. 2019ರ ಜನವರಿಯಲ್ಲಿ ಮದ್ಯನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಹೋದ ಹೆಂಗಸರಲ್ಲಿ ರಾಯಚೂರು ಜಿಲ್ಲೆಯವರು ಬಹಳ ಮಂದಿ.

ಕುಡುಕನನ್ನು ಪಾಪಿಯೆಂದು ಬೈಯುವುದು ಕುಷ್ಠರೋಗಿಯನ್ನು ಹೊರಹಾಕಿದಷ್ಟೇ ಸುಲಭ. ಕ್ರೈಸ್ತ ಬೋಧಕರಲ್ಲೂ ಹಾಗೆ ಬೈದವರು ಬೇಕಾದಷ್ಟು ಮಂದಿ. ಆದರೆ 1935ರಲ್ಲಿ ಅಮೆರಿಕದ ಆಕ್ರನ್ ನಗರದಲ್ಲಿ ಕುಡಿತಕ್ಕೆ ಸಿಕ್ಕಿ ನಲುಗಿದ ಇಬ್ಬರು, ಒಬ್ಬ ಷೇರುಪೇಟೆಯವನು, ಇನ್ನೊಬ್ಬ ವೈದ್ಯ, ಎದುರುಬದುರು ಕುಳಿತು ತಮ್ಮ ಸೋಲನ್ನು ಹೇಳಿಕೊಂಡರು. ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಬಳಗದ ಸಂಪರ್ಕದಿಂದ ಅವರು ಅಲ್ಲಿಗೆ ಬಂದಿದ್ದರು. ತಪ್ಪೊಪ್ಪಿಗೆ, ಪ್ರಾರ್ಥನೆ, ಬಿದ್ದ ಇನ್ನೊಬ್ಬನನ್ನು ಎತ್ತುವುದು: ಈ ಮೂರರಿಂದ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಸಂಘ ಹುಟ್ಟಿತು. ಭಾರತಕ್ಕೆ ಅದು 1957ರಲ್ಲಿ ಬಂತು. 1981ರಲ್ಲಿ ಮುಂಬಯಿಯ ಬಾಂದ್ರಾದ ಪಾದ್ರಿ ಜೋ ಪೆರೇರಾ ಅವರು ಕೃಪಾ ಪ್ರತಿಷ್ಠಾನವನ್ನು ಆರಂಭಿಸಿ, ವ್ಯಸನಿಗಳ ಚಿಕಿತ್ಸೆಯಲ್ಲಿ ಯೋಗಾಸನವನ್ನೂ ಸೇರಿಸಿದರು. ಸಂಘದ ಒಳಗೆ ದೇವರನ್ನು ಯಾರು ಹೇಗೆ ಬೇಕಾದರೂ ಅರ್ಥಮಾಡಿಕೊಳ್ಳಬಹುದು. ನಮ್ಮ ಜಿಲ್ಲೆಯ ಒಂದು ಊರಿನಲ್ಲಿ, ಪ್ರಾರ್ಥನಾಮಂದಿರದ ಹಿಂಬದಿಯ ಕೋಣೆಯಲ್ಲಿ, ಇಂಥದೊಂದು ಕೂಟದ ಬಾಗಿಲಲ್ಲಿ ನಾನೊಮ್ಮೆ ನಿಂತಿದ್ದೆ. ಲಿಂಗ ಕಟ್ಟಿದ ಒಬ್ಬ ರೈತ ಎದ್ದುನಿಂತು, ‘ಇವತ್ತಿಗೆ ನಲವತ್ತೊಂದು ದಿನ ಆತ್ರಿ’ ಎಂದನು. ಅಷ್ಟೇ ಅವನ ಭಾಷಣ. ಪಕ್ಕದಲ್ಲಿದ್ದವನು ಅವನ ಹೆಗಲ ಮೇಲೆ ಕೈಯಿಟ್ಟನು.

ಈ ಸೇವೆಯ ಹಿಂದೆ ಮತಾಂತರದ ಉದ್ದೇಶವಿರಲಿಲ್ಲವೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಮಿಷನ್ನುಗಳು ಸುವಾರ್ತೆ ಸಾರಲೆಂದೇ ಬಂದವು. ಅದನ್ನು ಅವು ಬಚ್ಚಿಟ್ಟಿರಲಿಲ್ಲ. ರೋಗಿಯ ನಿರುಪಾಯವನ್ನು ಬಳಸಿಕೊಂಡವರು ಎಲ್ಲಿಯಾದರೂ ಇದ್ದರೆ ಅದು ಅವರ ಗುರುವಿಗೇ ಮಾಡಿದ ದ್ರೋಹ. ಆದರೆ ಕೊಟ್ಟವನ ಉದ್ದೇಶವನ್ನು ತೂಗುವ ಅಧಿಕಾರ, ಏನನ್ನೂ ಕೊಡದೆ ದೂರ ನಿಂತವನಿಗೆ ಎಷ್ಟಿದೆ ಎಂಬುದೂ ಒಂದು ಪ್ರಶ್ನೆ. ಅಲ್ಲಿ ನಿನ್ನ ದೇವರನ್ನು ಬಿಡೆಂದರೇನು ಎಂದು ಮಾವನನ್ನು ನಾನೊಮ್ಮೆ ಕೇಳಿದ್ದೆ. ‘ಬೆಳಿಗ್ಗೆ ಹಾಡ್ತಿದ್ರು, ನಾನೂ ಕುಂತು ಕೇಳ್ತಿದ್ದೆ. ಬಿಡು ಅನ್ನಲಿಲ್ಲ. ಗಾಯ ತೊಳಿಯಾಕ ಮಾತ್ರ ದಿನಾ ಬಂದ್ರು’ ಎಂದರು.

1980ರ ದಶಕದಲ್ಲಿ ಹಲವು ಔಷಧಗಳನ್ನು ಒಟ್ಟಿಗೆ ಕೊಡುವ ಚಿಕಿತ್ಸೆ ಬಂತು. ಈಗ ಆರು ತಿಂಗಳು ಅಥವಾ ಒಂದು ವರ್ಷ ಮಾತ್ರೆ ನುಂಗಿದರೆ ಕುಷ್ಠ ವಾಸಿಯಾಗುತ್ತದೆ. ಸರಕಾರಿ ಆಸ್ಪತ್ರೆಗಳಲ್ಲಿ ಅದಕ್ಕೆ ಹಣವಿಲ್ಲ. 2005ರ ಕೊನೆಗೆ ದೇಶದ ಮಟ್ಟದಲ್ಲಿ ಹತ್ತು ಸಾವಿರ ಜನರಲ್ಲಿ ಒಬ್ಬರಿಗಿಂತ ಕಡಮೆ ರೋಗಿಗಳೆಂಬ ಗುರಿಯನ್ನು ಭಾರತ ಮುಟ್ಟಿತು. ಆದರೂ ಜಗತ್ತಿನಲ್ಲಿ ವರ್ಷಕ್ಕೆ ಪತ್ತೆಯಾಗುವ ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನಮ್ಮ ದೇಶದವರೇ. 1898ರ ಕಾಯಿದೆ ರದ್ದಾದದ್ದು 2016ರಲ್ಲಿ. ಕುಷ್ಠವನ್ನು ವಿವಾಹವಿಚ್ಛೇದನಕ್ಕೆ ಕಾರಣವೆಂದು ಹೇಳುತ್ತಿದ್ದ ಮಾತನ್ನು ನಮ್ಮ ಕಾನೂನಿನಿಂದ ತೆಗೆದದ್ದು 2019ರಲ್ಲಿ. ಮಾತ್ರೆಗಿಂತ ಮನಸ್ಸು ಎಷ್ಟು ನಿಧಾನ ನೋಡಿ!

ಇನ್ನು ನನ್ನ ಸ್ವಂತದ ಕಾರಣ. ಮಾವ ಡಿಚ್‌ಪಲ್ಲಿಯಿಂದ ಬಂದ ದಿನ ಒಂದು ಪೊಟ್ಟಣ ತಂದಿದ್ದರು; ಸಿಕಂದರಾಬಾದಿನ ಸ್ಟೇಷನ್ನಿನಲ್ಲಿ ನನಗೆಂದು ಕೊಂಡ ಬತ್ತಾಸು. ಮಡಿಸಿದ ಬೆರಳುಗಳ ನಡುವೆ ಅದನ್ನು ಹಿಡಿದು ನನ್ನ ಕೈಗೆ ಕೊಟ್ಟರು. ರೋಗ ಹರಡದೆಂಬ ಕಾಗದವನ್ನು ಓದಿ ಹೇಳಿದವನು ನಾನೇ. ಆ ಅಕ್ಷರಗಳನ್ನು ನಂಬಬೇಕಾಗಿದ್ದವನೂ ನಾನೇ. ಹಿತ್ತಲಿಗೆ ಹೋಗಿ ಪೊಟ್ಟಣವನ್ನು ಬಾವಿಗೆ ಒಗೆದುಬಿಟ್ಟೆ. ತಿರುಗಿ ನೋಡಿದರೆ ಮಾವ ಬಾಗಿಲಲ್ಲಿ ನಿಂತಿದ್ದರು. ಅವರು ಏನೂ ಅನ್ನಲಿಲ್ಲ. ‘ಬಾವಿ ಕಟ್ಟಿ ಜಾರ್ತದಪಾ, ಈಚಿ ಬಾ’ ಎಂದಷ್ಟೇ ಹೇಳಿದರು.

ಗೋಪಾಲದಾಸರು ನಲವತ್ತು ವರ್ಷ ಕೊಟ್ಟರು. ಮುಲ್ಲರ್, ಇಸಬೆಲ್ ಕೆರ್, ಮೇರಿ ವರ್ಗೀಸ್ ತಮ್ಮ ತಮ್ಮ ವರ್ಷಗಳನ್ನು ಕೊಟ್ಟರು. ಹೆಸರಿಲ್ಲದ ಆ ಸುವಾರ್ತಿಕರು ಇಪ್ಪತ್ತು ಹೆಜ್ಜೆಗಳನ್ನು ಕೊಟ್ಟರು. ನನ್ನಿಂದ ಕೇಳಿದ್ದು ಒಂದು ಬತ್ತಾಸನ್ನು ಬಾಯಿಗೆ ಹಾಕಿಕೊಳ್ಳುವಷ್ಟು ಧೈರ್ಯವನ್ನು. ಅದನ್ನೂ ನಾನು ಕೊಡಲಿಲ್ಲ. ಮಾವ ಆಮೇಲೆ ಬಹಳ ವರ್ಷ ಬಾಳಿದರು, ಹೊಲ ಮಾಡಿದರು. ನಾನು ದೊಡ್ಡವನಾದ ಮೇಲೆ ಅವರ ಪಕ್ಕದಲ್ಲಿ ಕುಳಿತು ಎಷ್ಟೋ ಸಲ ಉಂಡಿದ್ದೇನೆ. ಆ ಪೊಟ್ಟಣದ ಮಾತನ್ನು ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಇಂದು ಎತ್ತಿದ್ದೇನೆ.